ಒಂದೇ ಫೋಟೊ, ಹತ್ತು ಬೆಲೆ

ಅಂಗಡಿಯಲ್ಲೋ, ನೆಂಟರ ಮನೆಯಲ್ಲೋ, ಇನ್‌ಸ್ಟಾಗ್ರಾಂನಲ್ಲೋ ಒಂದು ವಸ್ತು ಕಣ್ಣಿಗೆ ಬೀಳುತ್ತದೆ. ತಕ್ಷಣ ಫೋನು ಹಿಡಿದು ಒಂದು ಫೋಟೊ, ಇಲ್ಲವೇ ಒಂದು ಸ್ಕ್ರೀನ್‌ಶಾಟ್. ಅದನ್ನು ಗೂಗಲ್ ಲೆನ್ಸ್‌ಗೆ ಕೊಟ್ಟರೆ ಕಣ್ಣು ಮಿಟುಕಿಸುವಷ್ಟರಲ್ಲಿ 'ಅದೇ' ವಸ್ತು ಹತ್ತು ಕಡೆ ಹತ್ತು ಬೆಲೆಗೆ ಸಾಲಾಗಿ ನಿಲ್ಲುತ್ತದೆ. ಎಲ್ಲಕ್ಕಿಂತ ಕಡಿಮೆ ಬೆಲೆಯ ಮೇಲೆ ಬೆರಳಿಟ್ಟು ಆರ್ಡರ್ ಹಾಕಿ, ಎಲ್ಲ ಕಡೆ ಹೋಲಿಸಿ ನೋಡಿಯೇ ತಗೊಂಡೆ ಎಂದು ಬೀಗುತ್ತೇವೆ. ಇದು ನಮಗೆ ನಾವೇ ಹೇಳಿಕೊಳ್ಳುವ ಸುಳ್ಳು. ನಾವು ಹೋಲಿಸಿದ್ದು ಬೆಲೆಗಳನ್ನು ಮಾತ್ರ. ವಸ್ತುಗಳನ್ನು ಹೋಲಿಸುವ ಕೆಲಸವನ್ನು ನಾವೂ ಮಾಡಲಿಲ್ಲ, ಫೋನೂ ಮಾಡಲಿಲ್ಲ.

ಚಿತ್ರ ಕೊಟ್ಟು ಚಿತ್ರ ಹುಡುಕುವುದು ಹೊಸ ವಿದ್ಯೆಯಲ್ಲ. ಕೆನಡಾದ ಟಿನ್‌ಐ 2008ರಲ್ಲೇ ಇದನ್ನು ಶುರು ಮಾಡಿತ್ತು. ಅದರ ಕೆಲಸ ತೀರಾ ಸರಳ: ಈ ಫೋಟೊ ಎಲ್ಲೆಲ್ಲಿ ಬಳಕೆಯಾಗಿದೆ, ಮೊದಲು ಎಲ್ಲಿ ಕಂಡಿತು ಎಂದು ಪತ್ತೆ ಹಚ್ಚುವುದು. ಗೂಗಲ್ 2011ರಲ್ಲಿ ಇದನ್ನು ತನ್ನ ಹುಡುಕಾಟಕ್ಕೆ ಸೇರಿಸಿಕೊಂಡಿತು, 2017ರಲ್ಲಿ ಲೆನ್ಸ್ ತಂದಿತು. 2024ರ ಜನವರಿಯಲ್ಲಿ, ಪರದೆಯ ಮೇಲೆ ಬೆರಳಿನಿಂದ ಒಂದು ಸುತ್ತು ಹಾಕಿದರೂ ಸಾಕು ಎನ್ನುವ ಸರ್ಕಲ್ ಟು ಸರ್ಚ್ ಬಂತು. ಬೆಂಗಳೂರಿನ ಫ್ಲಿಪ್‌ಕಾರ್ಟ್ 2015ರಲ್ಲೇ ತನ್ನ ಆ್ಯಪ್‌ನಲ್ಲಿ ಫೋಟೊ ಹುಡುಕಾಟ ಇಟ್ಟಿತ್ತು. ಲೆನ್ಸ್‌ನಲ್ಲಿ ತಿಂಗಳಿಗೆ ಸುಮಾರು 2000 ಕೋಟಿ ಹುಡುಕಾಟ ನಡೆಯುತ್ತದೆ, ಅದರಲ್ಲಿ ಐದರಲ್ಲೊಂದು ಪಾಲು ಖರೀದಿಗೆ ಸಂಬಂಧಿಸಿದ್ದು ಎಂದು 2024ರ ಅಕ್ಟೋಬರ್‌ನಲ್ಲಿ ಗೂಗಲ್ಲೇ ಹೇಳಿತು. ಫೋಟೊದ ಮೂಲ ಪತ್ತೆ ಹಚ್ಚಲು ಹುಟ್ಟಿದ ಉಪಕರಣ ಹದಿನೈದು ವರ್ಷ ಕಳೆಯುವಷ್ಟರಲ್ಲಿ ಬೆಲೆಪಟ್ಟಿಯಾಯಿತು. ಹಾಗೆ ಆದದ್ದರಲ್ಲಿ ಕಂಪನಿಗಳ ಲಾಭವಿದೆ, ಸರಿ. ಆದರೆ ಮೂಲದ ಪ್ರಶ್ನೆಯನ್ನು ಕೇಳುವುದನ್ನೇ ಬಿಟ್ಟವರು ನಾವು.

ಯಂತ್ರ ಏನು ಮಾಡುತ್ತದೆ ಎಂದು ಒಮ್ಮೆ ತಿಳಿದುಕೊಳ್ಳುವಷ್ಟೂ ಸೋಮಾರಿತನ ನಮ್ಮನ್ನು ಬಿಟ್ಟಿಲ್ಲ. ಫೋಟೊದಲ್ಲಿನ ಬಣ್ಣ, ಆಕಾರ, ಅಂಚು, ವಿನ್ಯಾಸಗಳನ್ನು ಅದು ಅಂಕಿಗಳ ಒಂದು ಉದ್ದನೆಯ ಸಾಲಾಗಿ ಮಾಡಿಕೊಳ್ಳುತ್ತದೆ. ತನ್ನಲ್ಲಿರುವ ಕೋಟಿಗಟ್ಟಲೆ ಫೋಟೊಗಳ ಅಂಕಿಸಾಲುಗಳಲ್ಲಿ ಯಾವುವು ಇದಕ್ಕೆ ಹತ್ತಿರ ಎಂದು ಲೆಕ್ಕ ಹಾಕಿ ಮುಂದಿಡುತ್ತದೆ. ಹತ್ತಿರವೆಂದರೆ ನೋಟಕ್ಕೆ ಹತ್ತಿರ, ಅಷ್ಟೇ. ವಸ್ತುವಿನ ತೂಕ, ದಪ್ಪ, ಒಳಗಿನ ಮೋಟಾರು, ಹಿಂಬದಿಯ ಹೊಲಿಗೆ, ಮುಟ್ಟಿದರೆ ಸಿಗುವ ತಂಪು, ಮಾರುವವನ ಮರ್ಯಾದೆ ಇವು ಯಾವುವೂ ಆ ಲೆಕ್ಕದಲ್ಲಿಲ್ಲ. ಫೋಟೊದಲ್ಲೇ ಇಲ್ಲದ್ದನ್ನು ಯಂತ್ರ ಎಲ್ಲಿಂದ ತರಬೇಕು? ಮದುವೆಯ ಕರೆಯೋಲೆ ನೋಡಿ ಸಂಸಾರ ಹೇಗೆ ನಡೆಯುತ್ತಿದೆ ಎಂದು ಹೇಳಲು ಹೊರಟ ಹಾಗಿದೆ ನಮ್ಮ ಧೈರ್ಯ.

ಎರಡು ಹೆಲ್ಮೆಟ್ ಇಟ್ಟು ನೋಡಿ. ಹೊರಚಿಪ್ಪು ಒಂದೇ ಬಣ್ಣ, ಒಂದೇ ಆಕಾರ, ಮೇಲೆ ಅದೇ ಗೀರು. ಲೆನ್ಸ್ ಎರಡನ್ನೂ ಅಕ್ಕಪಕ್ಕ ನಿಲ್ಲಿಸುತ್ತದೆ. ಬಿದ್ದಾಗ ತಲೆ ಉಳಿಸುವುದು ಹೊರಚಿಪ್ಪಿನ ಬಣ್ಣವಲ್ಲ, ಒಳಗಿನ ಥರ್ಮೋಕೋಲ್‌ನಂಥ ಪದರ ಮತ್ತು ಗದ್ದದ ಪಟ್ಟಿ. ಅವೆರಡರ ಗುಣಮಟ್ಟ ಫೋಟೊದಲ್ಲಿ ಕಾಣುವುದಿಲ್ಲ. ದ್ವಿಚಕ್ರ ಸವಾರರ ಹೆಲ್ಮೆಟ್‌ಗೆ ಐಎಸ್‌ಐ ಗುರುತು 2021ರ ಜೂನ್ 1ರಿಂದಲೇ ಕಡ್ಡಾಯವಾಗಿದೆ. ಆದರೂ ತಲೆಯ ಬೆಲೆಯನ್ನು ಇನ್ನೂರು ರೂಪಾಯಿ ಉಳಿತಾಯದ ಎದುರು ಇಟ್ಟು ತೂಗುವವರಿಗೆ ನಮ್ಮಲ್ಲಿ ಬರವಿಲ್ಲ.

ಕುಕ್ಕರಿನ ಕತೆಯೂ ಇದೇ. ಐಎಸ್‌ಐ ಗುರುತಿಲ್ಲದ ಪ್ರೆಷರ್ ಕುಕ್ಕರ್‌ಗಳನ್ನು ತಮ್ಮ ತಾಣಗಳಲ್ಲಿ ಮಾರಲು ಬಿಟ್ಟದ್ದಕ್ಕಾಗಿ 2022ರ ಆಗಸ್ಟ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್ ಎರಡಕ್ಕೂ ತಲಾ ಒಂದು ಲಕ್ಷ ರೂಪಾಯಿ ದಂಡ ವಿಧಿಸಿತು. ಆ ಕುಕ್ಕರ್‌ಗಳ ಫೋಟೊಗಳಲ್ಲೇನೂ ಕುಂದು ಕಾಣುತ್ತಿರಲಿಲ್ಲ. ಹೊಳೆಯುವ ಅಲ್ಯುಮಿನಿಯಂ, ಕಪ್ಪು ಹಿಡಿ, ಮೇಲೊಂದು ಸೀಟಿ. ದೊಡ್ಡ ಹೆಸರಿನ ತಾಣದಲ್ಲಿದೆ, ನಮ್ಮನೆಯದರ ಹಾಗೆಯೇ ಇದೆ, ಮತ್ತೇನು ಬೇಕು ಎಂದು ಕೊಂಡವರ ಅಡುಗೆಮನೆಗೆ ಅವು ಹೋಗಿ ಕೂತವು. ಹೊರಕವಚ ಒಂದೇ ಇದ್ದರೆ 500 ವಾಟ್ ಮಿಕ್ಸಿಗೂ 750 ವಾಟ್ ಮಿಕ್ಸಿಗೂ ಫೋಟೊದಲ್ಲಿ ವ್ಯತ್ಯಾಸವಿಲ್ಲ. ಇಡ್ಲಿಗೆ ನೆನೆಸಿದ ಉದ್ದು ಹಾಕಿದಾಗ ವ್ಯತ್ಯಾಸ ಗೊತ್ತಾಗುತ್ತದೆ.

ಇವಕ್ಕೆಲ್ಲ ಮಾಡೆಲ್ ನಂಬರು, ಐಎಸ್‌ಐ ಲೈಸೆನ್ಸ್ ನಂಬರು ಎಂಬ ಹಿಡಿತವಾದರೂ ಇದೆ. ಸೀರೆಗೆ ಏನಿದೆ? ಫೋಟೊ ಹುಡುಕಾಟದ ಚಟ ನಮ್ಮನ್ನು ಎಷ್ಟು ಕೆಡಿಸಿದೆ ಎಂದು ನೋಡಬೇಕಾದರೆ ಸೀರೆಯನ್ನೇ ನೋಡಬೇಕು.

ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಸೀರೆಯನ್ನೇ ತೆಗೆದುಕೊಳ್ಳಿ. ಅದರ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿಗೆ ಸಾಮಾನ್ಯವಾಗಿ ಹತ್ತಿ, ಸೆರಗಿಗೆ ರೇಷ್ಮೆ ಅಥವಾ ಆರ್ಟ್ ಸಿಲ್ಕ್. ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಕೂಡಿಸಿ ನೇಯುತ್ತಾರೆ. ಕೆಂಪು ಸೆರಗಿನ ಮೇಲೆ ಬಿಳಿಯ ತೆನಿಗಳು ಹಣಿಗೆಯ ಹಲ್ಲಿನಂತೆ, ಕೋಟೆಯ ಅಂಚಿನಂತೆ ಎದ್ದು ನಿಲ್ಲುತ್ತವೆ. ಒಡಲೂ ಸೆರಗೂ ಸೇರುವ ಜಾಗಕ್ಕೆ ಬೆರಳು ಆಡಿಸಿದರೆ ಕೊಂಡಿಯ ಸಾಲು ಕೈಗೆ ಸಿಗುತ್ತದೆ. ಸೀರೆಯನ್ನು ತಿರುವಿ ಹಾಕಿದರೆ ಹಿಂಬದಿಯಲ್ಲೂ ಆ ತೆನಿಯೇ, ಅದೇ ಕೆಂಪು. ಕೈಮಗ್ಗದ ಇಳಕಲ್ ಸೀರೆಯ ಗುಟ್ಟಿರುವುದು ಆ ಬೆರಳಗಲದ ಜಾಗದಲ್ಲಿ.

ಈಗ ಆ ಸೀರೆಯ ಫೋಟೊ ತೆಗೆದು ಲೆನ್ಸ್‌ಗೆ ಕೊಡಿ. ಪರದೆಯ ತುಂಬ ಇಳಕಲ್ ಸೀರೆಗಳು. ಒಂದೊಂದನ್ನೇ ತೆರೆದು ವಿವರ ಓದಿದರೆ 'ಇಳಕಲ್ ಸ್ಟೈಲ್', 'ಇಳಕಲ್ ಪ್ಯಾಟರ್ನ್', 'ಸಿಲ್ಕ್ ಬ್ಲೆಂಡ್', 'ಡಿಜಿಟಲ್ ಪ್ರಿಂಟ್' ಎಂಬ ಮಾತುಗಳು ಸಿಗುತ್ತವೆ. ಪಾಲಿಯೆಸ್ಟರ್ ಬಟ್ಟೆಯ ಮೇಲೆ ಕೆಂಪು ಸೆರಗನ್ನೂ ಬಿಳಿ ತೆನಿಯನ್ನೂ ಅಚ್ಚು ಹಾಕಿರುತ್ತಾರೆ. ಹಿಂಬದಿ ತಿರುವಿದರೆ ಬಣ್ಣ ಪೇಲವ. ಕೊಂಡಿ ಇಲ್ಲವೇ ಇಲ್ಲ, ಏಕೆಂದರೆ ಕೂಡಿಸಲು ಎರಡು ಹಾಸೇ ಇಲ್ಲ. ಯಂತ್ರದ ಕಣ್ಣಿಗೆ ಮಾತ್ರ ಅಚ್ಚಿನ ಸೀರೆಯೂ ಮಗ್ಗದ ಸೀರೆಯೂ ಒಂದೇ ಓಣಿಯ ಅಕ್ಕತಂಗಿಯರು. ಅಚ್ಚು ಹಾಕಿದ್ದರ ಗೆರೆ ಹೆಚ್ಚು ನೇರ, ಬಣ್ಣ ಹೆಚ್ಚು ಗಾಢ, ಫೋಟೊ ಹೆಚ್ಚು ಬೆಳಕಿನದು. ಹಾಗಾಗಿ ಅದೇ ಮುಂದೆ ಬಂದು ಕೂತರೂ ಆಶ್ಚರ್ಯವಿಲ್ಲ.

ಇಲ್ಲಿಂದ ಮುಂದಿನದು ಮನೆಮನೆಯಲ್ಲೂ ನಡೆಯುತ್ತಿದೆ. ಹುಬ್ಬಳ್ಳಿಯ ಅಂಗಡಿಯಲ್ಲಿ ಅವ್ವ ಸೀರೆ ಹಿಡಿದು ನಿಂತಿರುತ್ತಾಳೆ. ಸೆರಗು ಬಿಚ್ಚಿಸಿದ್ದಾಳೆ, ದಡಿ ಎಳೆದು ನೋಡಿದ್ದಾಳೆ, ಬಟ್ಟೆಯನ್ನು ಮುಷ್ಟಿಯಲ್ಲಿ ಹಿಚುಕಿ ಬಿಟ್ಟಿದ್ದಾಳೆ. ಅವಳಿಗೆ ಗೊತ್ತಾಗಿದೆ. ಆದರೂ ಒಂದು ಮಾತು ಕೇಳೋಣವೆಂದು ಮಗನಿಗೆ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕಳಿಸುತ್ತಾಳೆ. ಬೆಂಗಳೂರಿನಲ್ಲೋ ನ್ಯೂಜೆರ್ಸಿಯಲ್ಲೋ ಕುಳಿತ ಮಗ ಅದನ್ನು ಲೆನ್ಸ್‌ಗೆ ತೋರಿಸಿ ತೀರ್ಪು ಕೊಡುತ್ತಾನೆ: "ಅವ್ವಾ, ಅಲ್ಲಿ ತಗೋಬ್ಯಾಡ. ಅದೇ ಸೀರಿ ಇಲ್ಲಿ ಒಂಬೈನೂರಕ್ಕ ಐತಿ. ಅಂವಾ ನಿನಗ ಟೊಪ್ಪಿಗಿ ಹಾಕಾಕತ್ತಾನ." ಅವ್ವ ಸೀರೆ ಕೆಳಗಿಡುತ್ತಾಳೆ. ನಲವತ್ತು ವರ್ಷ ಸೀರೆ ಉಟ್ಟು, ಒಗೆದು, ಮಡಚಿದ ಕೈಗೆ ಗೊತ್ತಿದ್ದ ವಿಷಯವನ್ನು, ಒಮ್ಮೆಯೂ ಸೀರೆ ಮುಟ್ಟಿ ನೋಡದವನ ಬೆರಳು ತಳ್ಳಿಹಾಕಿತು. ಅಂಗಡಿಯವನನ್ನು ಕಳ್ಳನನ್ನಾಗಿಯೂ ಮಾಡಿತು. ಈ ಉದ್ಧಟತನಕ್ಕೆ ಜಾಣತನ ಎಂಬ ಹೆಸರು ಬೇರೆ.

ಮೈಸೂರು ಸಿಲ್ಕ್ ವಿಷಯದಲ್ಲೂ ಇದೇ ಪಾಡು. ಮೈಸೂರಿನಲ್ಲಿ 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆರಂಭವಾದ ನೇಯ್ಗೆ ಕಾರ್ಖಾನೆಯನ್ನು ಇವತ್ತು ನಡೆಸುತ್ತಿರುವುದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ. ಆ ಸೀರೆಯ ಜರಿಯಲ್ಲಿ ಶೇ 65 ಬೆಳ್ಳಿ, ಶೇ 0.65 ಚಿನ್ನ. ಒಂದೇ ಬಣ್ಣದ ಒಡಲು, ಸರಳ ಜರಿ ಅಂಚು. ಆ ಸರಳತೆಯನ್ನೇ ನಕಲು ಮಾಡುವುದು ಸುಲಭ: ಒಂದು ಸಿಂಥೆಟಿಕ್ ಕ್ರೇಪ್, ಹೊಂಬಣ್ಣದ ಅಂಚು, ಸ್ಟುಡಿಯೊದ ಬೆಳಕು. ಫೋಟೊದಲ್ಲಿ ಚಿನ್ನವೂ ಹೊಂಬಣ್ಣದ ಪ್ಲಾಸ್ಟಿಕ್ಕೂ ಒಂದೇ ಹಳದಿ.

ಇನ್ನು ಈ ಚಟದ ನಡುಬಿಂದುವಿಗೆ ಬರೋಣ. ಒಂದೇ ಫೋಟೊ ಹತ್ತು ಮಾರಾಟಗಾರರ ಬಳಿ, ಹತ್ತು ಬೆಲೆಗೆ ಕಂಡರೆ ನಾವು ಏನೆಂದುಕೊಳ್ಳುತ್ತೇವೆ? ಒಂದೇ ಸೀರೆ ಹತ್ತು ಅಂಗಡಿಯಲ್ಲಿದೆ, ಕಡಿಮೆ ಬೆಲೆಯವನೇ ಪ್ರಾಮಾಣಿಕ, ಉಳಿದವರು ಸುಲಿಗೆಕೋರರು. ಇದಕ್ಕಿಂತ ದೊಡ್ಡ ತಪ್ಪು ಓದು ಇನ್ನೊಂದಿಲ್ಲ. ಮಡಿಕೆ ಅದೇ, ಹಿಂದಿನ ಗೋಡೆ ಅದೇ, ರೂಪದರ್ಶಿಯ ಬಳೆ ಕೂಡ ಅದೇ ಎಂದರೆ, ಹತ್ತು ಜನರಲ್ಲಿ ಕನಿಷ್ಠ ಒಂಬತ್ತು ಜನ ತಮ್ಮ ಬಳಿ ಇರುವ ಸೀರೆಯ ಫೋಟೊ ತೆಗೆದಿಲ್ಲ ಎಂದೇ ಅರ್ಥ. ಕೆಲವರಿಗೆ ಸೂರತ್ತಿನ ಸಗಟು ವ್ಯಾಪಾರಿ ಕ್ಯಾಟಲಾಗ್ ಕಳಿಸಿರುತ್ತಾನೆ, ಅವರು ನಿಜವಾಗಿಯೂ ಅದೇ ಮಾಲು ಕಳಿಸಬಹುದು. ಕೆಲವರು ಕೈಮಗ್ಗದವರ ಪುಟದಿಂದ ಫೋಟೊ ಎತ್ತಿಕೊಂಡು ತಮ್ಮ ಅಚ್ಚಿನ ಸೀರೆಗೆ ಅಂಟಿಸಿರುತ್ತಾರೆ. ಇನ್ನು ಕೆಲವರು ಎಐ ಕೈಯಲ್ಲಿ ಬಿಡಿಸಿದ, ಯಾವ ಮಗ್ಗವೂ ನೇಯದ ಸೀರೆಯನ್ನು ತೋರಿಸುತ್ತಿರುತ್ತಾರೆ. ಯಾರು ಯಾವ ಗುಂಪಿನವರು ಎಂದು ಬೆಲೆ ಹೇಳುವುದಿಲ್ಲ. ಹೆಚ್ಚು ಕಡೆ ಒಂದೇ ಫೋಟೊ ಸಿಕ್ಕಷ್ಟೂ ಅನುಮಾನ ಹೆಚ್ಚಬೇಕಿತ್ತು. ನಮ್ಮಲ್ಲಿ ಧೈರ್ಯ ಹೆಚ್ಚುತ್ತದೆ.

ಆ ಸಾಲಿನ ಕ್ರಮವಾದರೂ ನಿಷ್ಪಕ್ಷಪಾತವೇ? ಸಿಕ್ಕ ಫಲಿತಾಂಶಗಳಲ್ಲಿ ಹಣ ಕೊಟ್ಟು ಮುಂದೆ ಬಂದವೂ ಇರುತ್ತವೆ. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ 'ಸ್ಪಾನ್ಸರ್ಡ್' ಎಂದು ಬರೆದಿರುತ್ತಾರೆ, ಓದುವವರು ಯಾರು? ಮಾರುಕಟ್ಟೆ ತಾಣಗಳು ಯಾವ ಮಾನದಂಡದ ಮೇಲೆ ವಸ್ತುಗಳಿಗೆ ಸ್ಥಾನ ಕೊಡುತ್ತವೆ ಎಂದು ವಿವರಿಸಬೇಕೆಂದು 2020ರ ಇ-ಕಾಮರ್ಸ್ ನಿಯಮಗಳು ಹೇಳುತ್ತವೆ. ಜಾಹೀರಾತನ್ನು ಜಾಹೀರಾತಲ್ಲವೆಂಬಂತೆ ತೋರಿಸುವುದು, ಸುಳ್ಳು ಅವಸರ ಹುಟ್ಟಿಸುವುದು, ಒಂದು ತೋರಿಸಿ ಇನ್ನೊಂದು ದಾಟಿಸುವುದು ಇವೆಲ್ಲ 2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಪಟ್ಟಿ ಮಾಡಿದ 13 ಬಗೆಯ ಮೋಸದ ವಿನ್ಯಾಸಗಳಲ್ಲಿ ಸೇರಿವೆ. ನಿಯಮ ಮಾಡಿದವರು ನಮ್ಮ ಪರವಾಗಿ ಇಷ್ಟು ಯೋಚಿಸಿದ್ದಾರೆ. ನಾವು ಮೊದಲ ಸಾಲಿನ ನಾಲ್ಕು ಚೌಕಗಳಾಚೆ ಬೆರಳು ಸರಿಸುವುದಿಲ್ಲ.

ಇದರಲ್ಲಿ ನಷ್ಟ ನಮ್ಮದೊಂದೇ ಆಗಿದ್ದರೆ ಬೈಯುವ ಅಗತ್ಯವಿರಲಿಲ್ಲ. ಅಂಗಡಿಗೆ ಹೋಗಿ, ಜಮಖಾನೆಯ ಮೇಲೆ ಕುಳಿತು, ಕಪಾಟಿನ ಸೀರೆಗಳನ್ನೆಲ್ಲ ಬಿಚ್ಚಿಸಿ, ಕೊಟ್ಟ ಚಹಾ ಕುಡಿದು, ಮೆಲ್ಲಗೆ ಫೋಟೊ ತೆಗೆದು "ಆಮೇಲೆ ಬರ್ತೀವಿ" ಎಂದು ಏಳುವುದು ಈಗ ಯಾರಿಗೂ ನಾಚಿಕೆಯ ವಿಷಯವಲ್ಲ. ಆ ಅಂಗಡಿಯ ಬಾಡಿಗೆ, ಮಡಿಕೆ ಬಿಚ್ಚಿ ಮತ್ತೆ ಮಡಚುವ ಹುಡುಗನ ಸಂಬಳ, ನೇಕಾರನಿಗೆ ಕೊಟ್ಟ ಮುಂಗಡ ಎಲ್ಲವೂ ಆ ಬೆಲೆಯಲ್ಲಿ ಸೇರಿದೆ. ಅವನ ಸೇವೆಯನ್ನು ಪುಕ್ಕಟೆ ಪಡೆದು, ಅವನ ಮಾಲಿನ ಫೋಟೊ ಹಿಡಿದು ನಕಲಿಯವನ ಬಾಗಿಲು ತಟ್ಟುತ್ತೇವೆ. ಅಚ್ಚಿನ ಸೀರೆಗೆ ಇಳಕಲ್ಲಿನ ಹೆಸರಿನಲ್ಲಿ ಗಿರಾಕಿ ಒದಗಿಸುವವರು ನಾವೇ. ಆಮೇಲೆ ಕೈಮಗ್ಗ ಸಾಯುತ್ತಿದೆ, ನಮ್ಮ ಸಂಸ್ಕೃತಿ ಅಳಿಯುತ್ತಿದೆ ಎಂದು ನವೆಂಬರಿನಲ್ಲಿ ಸ್ಟೇಟಸ್ ಹಾಕುವವರೂ ನಾವೇ.

ಕೇಳಿದರೆ ಉತ್ತರ ಸಿದ್ಧವಿದೆ: "ರಿಟರ್ನ್ ಇದೆಯಲ್ಲ." ನೋಡದೆ ಕೊಳ್ಳಲು ಸಿಕ್ಕ ಪರವಾನಗಿ ಎಂಬಂತೆ ರಿಟರ್ನನ್ನು ಬಳಸುತ್ತಿದ್ದೇವೆ. ಅದು ತಪ್ಪು ಮಾಲು ಬಂದವನಿಗೆ ಇರುವ ರಕ್ಷಣೆ. ಆ ರಕ್ಷಣೆಯನ್ನಾದರೂ ಸರಿಯಾಗಿ ಬಳಸುತ್ತೇವೆಯೇ? ಪೆಟ್ಟಿಗೆ ಬಂತು, ಸೀರೆ ಕೈಗೆ ಜಾರುವ ನೈಲಾನಿನಂತಿದೆ, ಬಣ್ಣ ಬೇರೆ. ಒಂದು ದಿನ ಬೇಸರ, ಎರಡನೇ ದಿನ "ಹೋಗಲಿ ಬಿಡು, ಕೆಲಸದವಳಿಗೆ ಕೊಟ್ಟರಾಯಿತು." ರಿಟರ್ನ್ ಅವಧಿ ಮುಗಿಯುತ್ತದೆ. ಮೋಸದ ಮಾರಾಟಗಾರ ಬದುಕಿರುವುದೇ ಈ "ಹೋಗಲಿ ಬಿಡು"ವಿನ ಮೇಲೆ. ಮೊತ್ತ ನಾನೂರೋ ಐನೂರೋ ಇದ್ದರೆ ಯಾರೂ ಜಗಳಕ್ಕೆ ಬರುವುದಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತು. ನಾವು ಉದಾರತೆ ಎಂದುಕೊಂಡದ್ದು ಅವನ ಬಂಡವಾಳ. ಕೆಟ್ಟದ್ದನ್ನು ಕೆಲಸದವಳಿಗೆ ದಾಟಿಸುವ ದೊಡ್ಡತನದ ಬಗ್ಗೆ ಬೇರೆ ಹೇಳಬೇಕಿಲ್ಲ.

ಕಾನೂನು ಇಲ್ಲ ಎನ್ನುವಂತಿಲ್ಲ. ಜಾಹೀರಾತಿನಲ್ಲಿ ತೋರಿಸಿದ ಗುಣಲಕ್ಷಣ ಬಂದ ವಸ್ತುವಿನಲ್ಲಿ ಇಲ್ಲದಿದ್ದರೆ ಅದನ್ನು ವಾಪಸು ಪಡೆಯಲು ಮಾರಾಟಗಾರ ನಿರಾಕರಿಸುವಂತಿಲ್ಲ ಎಂದು 2020ರ ನಿಯಮಗಳು ಸ್ಪಷ್ಟವಾಗಿ ಹೇಳುತ್ತವೆ. ತಾಣದ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ಬಂದಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಅದಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಮಾರಾಟಗಾರ ಯಾವ ಊರಿನಲ್ಲಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಲು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಅವಕಾಶ ಕೊಟ್ಟಿದೆ. ಕೊಟ್ಟ ಹಣ ಐದು ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವೂ ಇಲ್ಲ. ಇಷ್ಟೆಲ್ಲ ಇದ್ದೂ ಒಂದು ಕರೆ ಮಾಡದವನು, ಆನ್‌ಲೈನ್‌ನಲ್ಲಿ ಎಲ್ಲ ಮೋಸ ಎಂದು ಮದುವೆಮನೆಯಲ್ಲಿ ಭಾಷಣ ಮಾಡುವ ಹಕ್ಕನ್ನು ಕಳೆದುಕೊಂಡಿದ್ದಾನೆ.

ಫೋಟೊ ಹುಡುಕಾಟವನ್ನು ಬಿಟ್ಟುಬಿಡಿ ಎನ್ನುತ್ತಿಲ್ಲ. ಅದನ್ನು ಹುಟ್ಟಿದ ಕೆಲಸಕ್ಕೆ ಬಳಸಿ. ಮಾರುವವನು ಹಾಕಿದ ಫೋಟೊವನ್ನು ಹುಡುಕಿ, ಅದು ಎಲ್ಲೆಲ್ಲಿದೆ ಎಂದು ನೋಡಿ. ಸ್ಟುಡಿಯೊ ಫೋಟೊಗಳ ರಾಶಿಯ ನಡುವೆ ಎಲ್ಲಾದರೂ ಮಗ್ಗದ ಪಕ್ಕ ತೆಗೆದದ್ದು, ಅಂಗಡಿಯ ಟ್ಯೂಬ್‌ಲೈಟಿನಲ್ಲಿ ತೆಗೆದದ್ದು, ಒಂದೇ ಸೀರೆಯನ್ನು ನಾಲ್ಕು ಕೋನದಿಂದ ತೋರಿಸಿದ್ದು ಇದ್ದರೆ, ಮಾಲು ಕೈಯಲ್ಲಿರುವವನು ಬಹುಶಃ ಅವನೇ. ಅವನ ಬೆಲೆಯನ್ನು ಅಳತೆಗೋಲಾಗಿ ಇಟ್ಟುಕೊಳ್ಳಿ. ಉಳಿದವರು ಅದಕ್ಕಿಂತ ಅರ್ಧಕ್ಕೆ ಕೊಡುತ್ತಿದ್ದರೆ ಖುಷಿಪಡುವ ಮೊದಲು ಕಾರಣ ಕೇಳಿ. ಇಡೀ ಸೀರೆಯ ಬದಲು ಸೆರಗು ಸೇರುವ ಜಾಗವನ್ನಷ್ಟೇ ಕತ್ತರಿಸಿ ಹುಡುಕಿ. ಮಾರಾಟಗಾರನ ಫೋಟೊ ಬಿಟ್ಟು, ಕೊಂಡವರು ವಿಮರ್ಶೆಯಲ್ಲಿ ಹಾಕಿರುವ ಫೋಟೊ ನೋಡಿ. ಮಂಚದ ಮೇಲೆ ಹರಡಿ, ಮಂಕು ಬೆಳಕಿನಲ್ಲಿ ತೆಗೆದ ಆ ಫೋಟೊದಷ್ಟು ಸತ್ಯವನ್ನು ಯಾವ ಸ್ಟುಡಿಯೊವೂ ಹೇಳುವುದಿಲ್ಲ.

ಫೋಟೊದ ಕೆಲಸ ಅಲ್ಲಿಗೆ ಮುಗಿಯಿತು. ಇನ್ನು ಓದಬೇಕು. ಬಟ್ಟೆ ಯಾವುದು, ಉದ್ದ ಎಷ್ಟು, ರವಿಕೆ ಕಣ ಸೇರಿದೆಯೇ, ಯಾವ ದೇಶದಲ್ಲಿ ತಯಾರಾದದ್ದು, ಮಾರುವವನ ಹೆಸರು ಮತ್ತು ವಿಳಾಸ ಏನು. ಈ ವಿಳಾಸ ತೋರಿಸುವುದು ತಾಣದ ಜವಾಬ್ದಾರಿ, ಅದು ನಿಯಮದಲ್ಲೇ ಇದೆ. ರೇಷ್ಮೆ ಎಂದರೆ ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಿಂದ ಇರುವ ಸಿಲ್ಕ್ ಮಾರ್ಕ್ ಲೇಬಲ್ಲಿನ ಫೋಟೊ ಕೇಳಿ. ಕೈಮಗ್ಗ ಎಂದರೆ ಹ್ಯಾಂಡ್‌ಲೂಮ್ ಮಾರ್ಕ್ ಕೇಳಿ. ಹೆಲ್ಮೆಟ್, ಕುಕ್ಕರಿಗೆ ಐಎಸ್‌ಐ ಗುರುತಿನ ಜೊತೆಗಿರುವ ಲೈಸೆನ್ಸ್ ನಂಬರನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ. ಮಿಕ್ಸಿ, ಫ್ಯಾನು, ಮೊಬೈಲ್ ಚಾರ್ಜರಿಗೆ ಫೋಟೊ ಪಕ್ಕಕ್ಕಿಟ್ಟು ಮಾಡೆಲ್ ನಂಬರಿನಿಂದ ಹುಡುಕಿ. ಕೊನೆಗೆ ಮಾರುವವನಿಗೆ ಒಂದು ಸಂದೇಶ: ಹಗಲು ಬೆಳಕಿನಲ್ಲಿ ಸೀರೆಯ ಹಿಂಬದಿ ತೋರಿಸುವ ಒಂದು ಸಣ್ಣ ವಿಡಿಯೊ ಕಳಿಸಿ. ಮಾಲು ಕೈಯಲ್ಲಿದ್ದವನಿಗೆ ಅದು ಎರಡು ನಿಮಿಷದ ಕೆಲಸ. ಇಲ್ಲದವನು ನೆಪ ಹೇಳುತ್ತಾನೆ, ಇಲ್ಲವೇ ಮತ್ತೆ ಅದೇ ಸ್ಟುಡಿಯೊ ಫೋಟೊ ಕಳಿಸುತ್ತಾನೆ. ಆಗ ಉತ್ತರ ಸಿಕ್ಕಿತು ಎಂದುಕೊಳ್ಳಿ.

ಇಷ್ಟಕ್ಕೆಲ್ಲ ಪುರುಸೊತ್ತು ಎಲ್ಲಿದೆ ಎನ್ನುವವರು ತಮ್ಮ ಫೋನನ್ನೇ ಕೇಳಲಿ, ದಿನಕ್ಕೆ ಎಷ್ಟು ಹೊತ್ತು ಪರದೆ ಉಜ್ಜಿದ್ದೀರಿ ಎಂದು ಅದು ಲೆಕ್ಕ ಇಟ್ಟಿರುತ್ತದೆ. ಸೋಮಾರಿತನಕ್ಕೆ ಸಮಯದ ಹೆಸರು ಹೇಳಬೇಡಿ. ಅವ್ವ ಅಂಗಡಿಯಲ್ಲಿ ಸೀರೆ ಹಿಡಿದು ಫೋಟೊ ಕಳಿಸಿದರೆ ಬೆಲೆ ಹುಡುಕುವ ಮೊದಲು ಅವಳಿಗೆ ಏನನ್ನಿಸಿತು ಎಂದು ಕೇಳಿ, ಅವಳ ಕೈಯ ಮಾತಿಗೆ ಬೆಲೆ ಕೊಡಿ. ಅಂಗಡಿಯವನ ಮಾಲು ಹಿಡಿಸದಿದ್ದರೆ ಬೇಡ ಎಂದು ಮುಖ ನೋಡಿ ಹೇಳಿ ಎದ್ದುಬನ್ನಿ, ಕದ್ದು ಫೋಟೊ ತೆಗೆಯಬೇಡಿ. ತಪ್ಪು ಮಾಲು ಬಂದರೆ ನಾನೂರು ರೂಪಾಯಿಯದ್ದಾದರೂ ವಾಪಸು ಕಳಿಸಿ, ದೂರು ಕೊಡಿ. ಇದ್ಯಾವುದನ್ನೂ ಮಾಡುವಷ್ಟು ಬೇಕಾಗಿಲ್ಲದ ವಸ್ತು ನಿಮಗೆ ಬೇಕಾಗಿಯೇ ಇಲ್ಲ. ಅದನ್ನು ಕಾರ್ಟ್‌ನಿಂದ ತೆಗೆದುಹಾಕಿ.